ಎರಡು ಫ್ಯಾಕ್ಟರಿ ಊರು, ಒಂದು ಸೈಕಲ್

ಹೊರದೇಶಕ್ಕೆ ಕೆಲಸಕ್ಕೆ ಹೊರಡುವವರ ಬ್ಯಾಗಿನ ಪಟ್ಟಿ ನಮ್ಮಲ್ಲಿ ಹೆಚ್ಚೂಕಡಿಮೆ ಒಂದೇ. ಕುಕ್ಕರ್, ಸಾರಿನ ಪುಡಿ, ಅಮ್ಮನ ಮಿಡಿ ಉಪ್ಪಿನಕಾಯಿ, ದಪ್ಪ ಸ್ವೆಟರ್, ಪ್ಲಗ್ ಅಡಾಪ್ಟರ್. ಹೋಗಿ ಇಳಿದ ಮೇಲೆ ಮಾಡುವ ಕೆಲಸಗಳ ಪಟ್ಟಿಯೂ ಒಂದೇ. ಸಿಮ್ ತಗೋ, ಬ್ಯಾಂಕ್ ಖಾತೆ ತೆಗಿ, ಇಂಡಿಯನ್ ಅಂಗಡಿ ಎಲ್ಲಿದೆ ಹುಡುಕು. ಈ ಎರಡನೇ ಪಟ್ಟಿಗೆ ನಾನು ಇನ್ನೊಂದನ್ನು ಸೇರಿಸ್ತೀನಿ, ಅದೂ ಮೊದಲ ವಾರದಲ್ಲೇ. ಒಂದು ಹಳೇ ಸೈಕಲ್.

ಯಾಕೆ ಅಂದರೆ ಬಸ್ಸು, ರೈಲಿನಲ್ಲಿ ಹತ್ತಿದ ಜಾಗ, ಇಳಿದ ಜಾಗ ಎರಡೇ ಗೊತ್ತಾಗೋದು. ನಡುವಿನ ಊರು ಕಿಟಕಿಯಲ್ಲಿ ಓಡಿಹೋಗುತ್ತೆ. ಕಾರು ಅಂತೂ ಬಿಡಿ, ಪಾರ್ಕಿಂಗ್ ಹುಡುಕೋದರಲ್ಲೇ ಸಂಜೆ ಆಗುತ್ತೆ. ನಡಿಗೆ ಚೆಂದ, ಆದರೆ ಮೂರ್ನಾಲ್ಕು ಕಿಲೋಮೀಟರಿಗೆ ಕಾಲು ಸಾಕು ಅನ್ನುತ್ತೆ. ಸೈಕಲ್ಲಿನಲ್ಲಿ ಗಂಟೆಗೆ ಹದಿನೈದು ಕಿಲೋಮೀಟರ್ ಹೋಗ್ತೀರಿ, ಬೇಕರಿ ಪರಿಮಳ ಬಂದರೆ ಅಲ್ಲೇ ಕಾಲೂರಿ ನಿಲ್ತೀರಿ. ಯಾರ ಮನೆ ಮುಂದೆ ಯಾವ ಹೂವಿದೆ, ಯಾವ ಬೀದಿಯಲ್ಲಿ ಮುದುಕರು ಜಾಸ್ತಿ, ಎಲ್ಲಿ ಬಾಡಿಗೆ ಕಡಿಮೆ ಇರಬಹುದು, ಎಲ್ಲ ತಾನಾಗೇ ತಲೆಗೆ ಹೋಗುತ್ತೆ.

ನಾನಿದ್ದದ್ದು ನೆದರ್‌ಲೆಂಡ್ಸ್‌ನ ದಕ್ಷಿಣದ ಐಂಡ್‌ಹೋವನ್‌ನಲ್ಲಿ, ಎರಡು ವರ್ಷ. ಟೂರ್ ಪ್ಯಾಕೇಜಿನವರು ಈ ಊರಿಗೆ ಬರೋದಿಲ್ಲ. ಆಮ್‌ಸ್ಟರ್‌ಡ್ಯಾಮಿನ ಕಾಲುವೆ, ಟುಲಿಪ್ ತೋಟ, ಗಾಳಿಗಿರಣಿ ನೋಡಿಕೊಂಡು ಬೆಲ್ಜಿಯಂ ಕಡೆ ಹೊರಟುಬಿಡ್ತಾರೆ. ‘ಅಲ್ಲಿ ನೋಡೋಕೆ ಎಂತದಿದೆ?’ ಅಂತ ಡಚ್ ಸಹೋದ್ಯೋಗಿಗಳೇ ನಗ್ತಿದ್ದರು. ಆದರೆ ನಮ್ಮವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ. ಪಕ್ಕದ ವೆಲ್ಡ್‌ಹೋವನ್‌ನಲ್ಲಿ ಚಿಪ್ ತಯಾರಿಸುವ ಯಂತ್ರಗಳನ್ನು ಕಟ್ಟುವ ಎಎಸ್‌ಎಂಎಲ್ ಇದೆ, ಅದರ ಸುತ್ತ ನೂರಾರು ಚಿಕ್ಕಪುಟ್ಟ ಕಂಪನಿಗಳಿವೆ. ಸಂತೆಯಲ್ಲಿ ತರಕಾರಿ ಆರಿಸುವಾಗ ಹಿಂದಿನಿಂದ ‘ಸೌತೆಕಾಯಿ ಕಹಿ ಇರಲ್ಲ ತಾನೆ?’ ಅಂತ ಅಪ್ಪಟ ಕನ್ನಡ ಕೇಳಿಸುವ ಊರು ಅದು.

ನನ್ನ ಮಟ್ಟಿಗೆ ಅದು ನೋಡಲೇಬೇಕಾದ ಊರಾಗಿತ್ತು, ಯಾಕೆಂದರೆ ನಾನು ಹುಟ್ಟಿದ್ದು ಭದ್ರಾವತಿಯಲ್ಲಿ. ಐಂಡ್‌ಹೋವನ್ ಒಂದು ಕಂಪನಿ ಕಟ್ಟಿದ ಊರು. 1891ರಲ್ಲಿ ಫಿಲಿಪ್ಸ್‌ನವರು ಅಲ್ಲಿ ಬಲ್ಬ್ ಮಾಡೋಕೆ ಶುರು ಮಾಡಿದರು. ಆಮೇಲೆ ರೇಡಿಯೋ, ಟಿವಿ, ಕಡೆಗೆ ಸಿಡಿ. ಕಾರ್ಮಿಕರಿಗೆ ಕಂಪನಿಯದೇ ಮನೆ, ಆಟದ ಮೈದಾನ. ಫುಟ್‌ಬಾಲ್ ನೋಡುವವರಿಗೆ ಪಿಎಸ್‌ವಿ ಗೊತ್ತಿರುತ್ತೆ, ಆ ‘ಪಿ’ ಅಂದರೆ ಫಿಲಿಪ್ಸೇ. ರೈಲ್ವೆ ಸ್ಟೇಷನ್ ಎದುರು ಆಂಟನ್ ಫಿಲಿಪ್ಸ್ ಪ್ರತಿಮೆ ಇದೆ. ಸ್ಟೇಷನ್ ಕಟ್ಟಡವೇ ಹಳೇ ಫಿಲಿಪ್ಸ್ ರೇಡಿಯೋ ಥರ ಕಾಣುತ್ತೆ ಅಂತ ಅಲ್ಲಿನವರು ತಮಾಷೆ ಮಾಡ್ತಾರೆ. ನಮ್ಮ ಅಜ್ಜನ ಮನೆಯಲ್ಲಿ ಅಂಥದೇ ಒಂದು ಫಿಲಿಪ್ಸ್ ರೇಡಿಯೋ ಇತ್ತು. ಬೆಳಿಗ್ಗೆ ಎದ್ದರೆ ಅದರಲ್ಲಿ ಆಕಾಶವಾಣಿ ಭದ್ರಾವತಿ. ಹೋದ ಮೊದಲ ದಿನ ಆ ಸ್ಟೇಷನ್ ಎದುರು ನಿಂತು, ಈ ಊರಿನವರು ಮಾಡಿದ ಡಬ್ಬಿಯಲ್ಲಿ ನಮ್ಮೂರು ಮಾತಾಡ್ತಿತ್ತಲ್ಲ ಅಂತ ಅಂದುಕೊಂಡಿದ್ದು ನೆನಪಿದೆ.

ಸೈಕಲ್ಲಿನ ವಿಷಯಕ್ಕೆ ಬರೋಣ. ಡಚ್ಚರ ಊರಿನಲ್ಲಿ ಹೊಸ ಸೈಕಲ್ ಕೊಳ್ಳೋದು ದುಡ್ಡಿಗೆ ದಂಡ, ಕಳ್ಳತನ ಜಾಸ್ತಿ. ಸೆಕೆಂಡ್‌ಹ್ಯಾಂಡ್ ತಗೊಳ್ಳಿ, ಸೈಕಲ್ಲಿಗಿಂತ ಬೀಗ ಗಟ್ಟಿ ಇರಲಿ. ನನಗೆ ಸಿಕ್ಕಿದ್ದು ಅಜ್ಜಿಯರು ಓಡಿಸುವಂಥ ಕರೀ ಸೈಕಲ್. ಹ್ಯಾಂಡಲ್‌ನಲ್ಲಿ ಬ್ರೇಕೇ ಇರಲಿಲ್ಲ, ಪೆಡಲ್ ಹಿಂದಕ್ಕೆ ಒತ್ತಿದರೆ ಬ್ರೇಕ್. ಇಳಿಜಾರಿನಲ್ಲಿ ಸುಮ್ಮನೆ ಪೆಡಲ್ ಹಿಂದಕ್ಕೆ ತಿರುಗಿಸಿ ಚೈನು ಕಟಕಟ ಅನ್ನಿಸುವ ಅಭ್ಯಾಸ ನಮ್ಮ ಕಡೆ ಹುಡುಗರಿಗೆಲ್ಲ ಇರುತ್ತೆ. ಅಲ್ಲಿ ಹಾಗೆ ಮಾಡಿದರೆ ಸೈಕಲ್ ಅಲ್ಲೇ ನಿಲ್ಲುತ್ತೆ, ನೀವು ಮುಂದಕ್ಕೆ ಹೋಗ್ತೀರಿ. ವಾಹನ ಎಲ್ಲ ಬಲಗಡೆ, ಅದು ಎರಡು ದಿನಕ್ಕೆ ರೂಢಿ ಆಗುತ್ತೆ. ಎಡಕ್ಕೆ ತಿರುಗೋದು ಮಾತ್ರ ಒಂದು ತಿಂಗಳಾದರೂ ಎದೆ ಢವಢವ. ರಸ್ತೆ ಮೇಲೆ ಬಿಳೀ ತ್ರಿಕೋನಗಳ ಸಾಲು ಬರೆದಿರ್ತಾರೆ, ಅದಕ್ಕೆ ಶಾರ್ಕ್ ಹಲ್ಲು ಅಂತ ಹೆಸರು. ಹಲ್ಲಿನ ಚೂಪು ನಿಮ್ಮ ಕಡೆ ಇದ್ದರೆ ನೀವು ನಿಲ್ಲಬೇಕು, ಇಲ್ಲದಿದ್ದರೆ ಕಾರಿನವನು ನಿಲ್ತಾನೆ. ನಿಜವಾಗಿಯೂ ನಿಲ್ತಾನೆ! ಕತ್ತಲಾದ ಮೇಲೆ ಲೈಟ್ ಇಲ್ಲದೆ ಹೋದರೆ ದಂಡ. ಏರು ಅನ್ನೋದೇ ಇಲ್ಲ, ಆದರೆ ಎದುರು ಗಾಳಿ ಬೀಸಿದರೆ ಆಗುಂಬೆ ಘಾಟಿ ಹತ್ತಿದ ಹಾಗೇ. ಮಳೆ ಬಗ್ಗೆ ಮಲೆನಾಡಿನವರಿಗೆ ನಾನು ಹೇಳಬೇಕಿಲ್ಲ. ಅಲ್ಲಿನದು ನಮ್ಮ ಆಷಾಢದ ಮಳೆ ಅಲ್ಲ, ಜಿಟಿಜಿಟಿ. ಒಂದು ರೇನ್‌ಕೋಟ್, ಮಳೆ ಪ್ಯಾಂಟ್ ಇದ್ದರೆ ಆಯ್ತು.

ದಾರಿ ತಪ್ಪೋ ಭಯ ಬೇಡ. ನನಗೆ ಆ ದೇಶದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಸೈಕಲ್ ದಾರಿಗಳು ಕೂಡುವ ಕಡೆಯಲ್ಲೆಲ್ಲ ಒಂದು ನಂಬರ್ ಬೋರ್ಡ್ ಇರುತ್ತೆ. ನೀವು ಒಂದು ನಂಬರಿನ ಹತ್ತಿರ ಇದ್ದರೆ, ಅಲ್ಲಿಂದ ಹೋಗಬಹುದಾದ ಮುಂದಿನ ನಂಬರುಗಳಿಗೆ ಬಾಣದ ಗುರುತು. ಮನೆಯಿಂದ ಹೊರಡುವಾಗ ನಾಲ್ಕೈದು ನಂಬರನ್ನು ಚೀಟಿಯಲ್ಲಿ ಬರೆದು ಹ್ಯಾಂಡಲ್ಲಿಗೆ ಅಂಟಿಸಿಕೊಂಡರೆ ಮುಗೀತು. ಫೋನ್ ಜೇಬಿನಲ್ಲೇ ಇರುತ್ತೆ. ಕಾಲೇಜಿನಲ್ಲಿ ಗ್ರಾಫ್ ಥಿಯರಿ ಓದಿ ಪಾಸಾದವರಿಗೆ ಇದು ನೋಡಿದ ಕೂಡಲೇ ಅರ್ಥವಾಗುತ್ತೆ, ನೋಡ್, ಎಡ್ಜ್ ಅಷ್ಟೇ. ಇದರ ಮೂಲ ಇನ್ನೂ ಚೆನ್ನಾಗಿದೆ. 1995ರಲ್ಲಿ ಪಕ್ಕದ ಬೆಲ್ಜಿಯಂನ ಲಿಂಬರ್ಗ್ ಪ್ರಾಂತದಲ್ಲಿ ಇದನ್ನು ಶುರು ಮಾಡಿದವರು ಹ್ಯೂಗೋ ಬೊಲೆನ್ ಅನ್ನೋ ಗಣಿ ಇಂಜಿನಿಯರ್. ಕಲ್ಲಿದ್ದಲು ಗಣಿಯೊಳಗಿನ ಕತ್ತಲೆ ಸುರಂಗಗಳಲ್ಲಿ ದಾರಿ ತಪ್ಪದಿರಲಿ ಅಂತ ಕೂಡುಹಾದಿಗಳಿಗೆ ನಂಬರ್ ಹಾಕ್ತಿದ್ದರು. ಗಣಿಗಳು ಮುಚ್ಚಿದ ಆ ಸೀಮೆಯಲ್ಲಿ ಅದೇ ಯೋಚನೆಯನ್ನು ಅವರು ನೆಲದ ಮೇಲೆ ಸೈಕಲ್ ತುಳಿಯುವವರಿಗೆ ಕೊಟ್ಟರು. ಮುಚ್ಚಿದ ಗಣಿಯಿಂದ ಉಳಿದು ಬಂದ ಬುದ್ಧಿ ಇದು.

ಆ ನಂಬರುಗಳನ್ನು ಹಿಡಿದು ನಾನು ಮೊದಲು ಹೋದದ್ದು ನ್ಯೂನನ್ ಅನ್ನುವ ಹಳ್ಳಿಗೆ, ಸುಮಾರು ಎಂಟು ಕಿಲೋಮೀಟರ್. ಚಿತ್ರಕಾರ ವ್ಯಾನ್‌ಗೋ 1883ರಿಂದ 85ರವರೆಗೆ ಅಲ್ಲಿದ್ದ. ಆಲೂಗಡ್ಡೆ ತಿನ್ನುವ ರೈತ ಕುಟುಂಬದ ಆ ಪ್ರಸಿದ್ಧ ಚಿತ್ರ ಬರೆದದ್ದು ಅಲ್ಲೇ. 2014ರಲ್ಲಿ ಆ ಕಡೆ ಒಂದು ಸೈಕಲ್ ದಾರಿ ಮಾಡಿದ್ದಾರೆ, ಹಗಲು ಬೆಳಕು ಹೀರಿಕೊಂಡು ರಾತ್ರಿ ಹೊಳೆಯುವ ಕಲ್ಲುಗಳನ್ನು ಸುರುಳಿ ಸುರುಳಿಯಾಗಿ ಕೂರಿಸಿದ್ದು. ಫೋಟೋದಲ್ಲಿ ನೋಡಿ ಹೋದರೆ ಸ್ವಲ್ಪ ಸಪ್ಪೆ ಅನಿಸುತ್ತೆ, ನಿಜ ಹೇಳ್ತೀನಿ. ಮೋಡ ಇದ್ದ ದಿನವಂತೂ ಹೋಗಲೇಬೇಡಿ. ಇಂಜಿನಿಯರಿಂಗ್ ತಲೆಯವರಿಗೆ ಅದಕ್ಕಿಂತ ಒಳ್ಳೆಯದು ವೆಲ್ಡ್‌ಹೋವನ್ ಕಡೆಯ ಹೋವನ್‌ರಿಂಗ್. ಕೆಳಗೆ ಕಾರುಗಳ ಜಂಕ್ಷನ್, ಅದರ ಮೇಲೆ ಸೈಕಲ್ಲಿನವರಿಗೆ ಮಾತ್ರ ಒಂದು ದುಂಡನೆಯ ಸೇತುವೆ. 70 ಮೀಟರ್ ಎತ್ತರದ ಒಂದೇ ಕಂಬ, 24 ಕೇಬಲ್ಲುಗಳಲ್ಲಿ ತೂಗಿದ ವರ್ತುಲ. ಶುರುವಿನಲ್ಲಿ ಗಾಳಿಗೆ ಕೇಬಲ್ ಅದುರೋಕೆ ಹಿಡಿದು, ಮುಚ್ಚಿ, ಡ್ಯಾಂಪರ್ ಕೂರಿಸಿ 2012ರಲ್ಲಿ ಮತ್ತೆ ತೆರೆದರು. ಪ್ರೊಡಕ್ಷನ್‌ಗೆ ಹೋದ ಮೇಲೆ ಬಗ್ ಸಿಗೋದು ನಮಗೆ ಮಾತ್ರ ಅಲ್ಲ ಅಂತ ಸಮಾಧಾನ!

ಆದರೆ ನಾನು ಮತ್ತೆ ಮತ್ತೆ ಹೋದದ್ದು ಇವೆರಡಕ್ಕೂ ಅಲ್ಲ, ಸ್ಟ್ರೈಪ್-ಎಸ್ ಅನ್ನುವ ಜಾಗಕ್ಕೆ.

ಅದು ಫಿಲಿಪ್ಸ್‌ನ ಹಳೇ ಕಾರ್ಖಾನೆ ಪ್ರದೇಶ. ಪಾಸ್ ಇದ್ದವರಿಗೆ ಮಾತ್ರ ಪ್ರವೇಶ ಇದ್ದದ್ದರಿಂದ ಊರವರು ಅದನ್ನು ‘ನಿಷೇಧಿತ ನಗರ’ ಅಂತಲೇ ಕರೀತಿದ್ದರು. ಊರಿನ ನಡುವೆಯೇ ಬೇಲಿ ಹಾಕಿದ ಇನ್ನೊಂದು ಊರು. 1990ರ ಸುಮಾರಿಗೆ ಫಿಲಿಪ್ಸ್ ಸಾವಿರಾರು ಜನರನ್ನು ಮನೆಗೆ ಕಳಿಸಿತು. 1993ರಲ್ಲಿ ಅದೇ ಊರಿನ ಲಾರಿ ಕಂಪನಿ ಡಿಎಎಫ್ ದಿವಾಳಿ ಎದ್ದಿತು. ಆಮೇಲೆ ಫಿಲಿಪ್ಸ್ ತನ್ನ ಮುಖ್ಯ ಕಚೇರಿಯನ್ನೇ ಆಮ್‌ಸ್ಟರ್‌ಡ್ಯಾಮಿಗೆ ಕಟ್ಟಿಕೊಂಡು ಹೋಯಿತು. ಊರಿಗೆ ಊರೇ ಕೈಬಿಟ್ಟ ಹಾಗಾಯಿತು ಅಂತ ಹೇಳುವವರು ಈಗಲೂ ಸಿಗ್ತಾರೆ. 2000ದ ನಂತರ ಆ ಬೇಲಿ ತೆಗೆದರು. ಕಾರ್ಖಾನೆ ಕಟ್ಟಡಗಳನ್ನು ಕೆಡವದೆ, ಒಳಗೆ ಮನೆ, ಸ್ಟುಡಿಯೋ, ಸಿನಿಮಾ ಹಾಲ್ ಮಾಡಿದರು. ತಲೆ ಮೇಲೆ ಹಾದುಹೋಗುವ ದಪ್ಪ ಪೈಪುಗಳನ್ನೂ ಹಾಗೇ ಬಿಟ್ಟಿದ್ದಾರೆ. ಫಿಲಿಪ್ಸ್‌ನ ಸಂಶೋಧನಾಲಯದ ಹಳೇ ಕಟ್ಟಡ ಅಲ್ಲೇ ಇದೆ, 1923ರಲ್ಲಿ ಐನ್‌ಸ್ಟೀನ್ ಅದನ್ನು ನೋಡೋಕೆ ಬಂದಿದ್ದರು. 1923 ಅನ್ನೋ ಇಸವಿ ನೋಡಿ ನನಗೆ ಒಂದು ಕ್ಷಣ ಮೈ ಜುಂ ಅಂದಿತು. ನಮ್ಮ ಭದ್ರಾವತಿಯಲ್ಲಿ ಕಬ್ಬಿಣದ ಕುಲುಮೆ ಉರಿಯೋಕೆ ಶುರುವಾದದ್ದೂ ಅದೇ ವರ್ಷ.

ಅಲ್ಲಿ ಒಂದು ಗೋಡೆ ಮೇಲೆ ದೊಡ್ಡ ಕಪ್ಪು-ಬಿಳುಪು ಫೋಟೋ. ಶಿಫ್ಟ್ ಬಿಟ್ಟಿದೆ, ಗೇಟಿನಿಂದ ಸೈಕಲ್ ಹೊಳೆಯ ಹಾಗೆ ಹೊರಗೆ ಬರ್ತಾ ಇದೆ, ರಸ್ತೆ ತುಂಬ ಟೋಪಿ, ಕೋಟು, ಹ್ಯಾಂಡಲ್. ಒಂದು ಕಾರೂ ಇಲ್ಲ. ಆ ಫೋಟೋ ಮುಂದೆ ಸೈಕಲ್ ನಿಲ್ಲಿಸಿಕೊಂಡಿದ್ದಾಗ ಒಬ್ಬ ಹಿರಿಯರು ತಾವಾಗೇ ಮಾತಾಡಿಸಿದರು. ಮೂವತ್ತು ವರ್ಷ ಅಲ್ಲೇ ಕೆಲಸ ಮಾಡಿದವರಂತೆ. ‘ನಾನು ಇದ್ದದ್ದು ಆ ಕಿಟಕಿ’ ಅಂತ ನಾಲ್ಕನೇ ಮಹಡಿ ತೋರಿಸಿದರು. ಈಗ ಅಲ್ಲಿ ಯಾರದೋ ಮನೆ, ಕಿಟಕಿಯಲ್ಲಿ ಹೂಕುಂಡ. ‘ನನ್ನ ಮೊಮ್ಮಗನಿಗೆ ಅಲ್ಲಿ ಬಾಡಿಗೆಗೆ ಇರಬೇಕು ಅಂತ ಆಸೆ, ಆದರೆ ಆಗಲ್ಲ, ದುಬಾರಿ’ ಅಂದರು. ಆಮೇಲೆ ಕೇಳಿದರು, ನಿಮ್ಮೂರು ಹೇಗೆ ಅಂತ. ನಮ್ಮೂರಲ್ಲೂ ಹೀಗೇ ಕಾರ್ಖಾನೆ ಇದೆ, ನಮ್ಮಪ್ಪ ಅಲ್ಲಿ ಕೆಲಸ ಮಾಡ್ತಿದ್ದರು ಅಂದೆ. ‘ಅವರು ಯಾವ ಕಿಟಕಿ?’ ಅಂದರು.

ನನಗೆ ಗೊತ್ತಿರಲಿಲ್ಲ. ಅಪ್ಪ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದ ಜಾಗದ ಬಗ್ಗೆ ನನಗೆ ಗೊತ್ತಿದ್ದದ್ದು ‘ಮೆಷಿನ್ ಶಾಪ್’ ಅನ್ನುವ ಒಂದು ಮಾತು, ಸೈರನ್ನು, ಮತ್ತೆ ಅವರ ಖಾಕಿ ಪ್ಯಾಂಟಿನ ಎಣ್ಣೆ ಕಲೆ ಅಷ್ಟೇ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ‘ಡಚ್ಚರು ಬಿಡಪ್ಪ, ಅವರು ಹುಟ್ಟಾ ಸೈಕಲ್ಲಿನವರು, ನಮಗೆ ಅದೆಲ್ಲ ಆಗಲ್ಲ’ ಅನ್ನೋದು ನಮ್ಮ ಟೀ ಅಂಗಡಿ ತೀರ್ಪು. ಹಾಗೇನಿಲ್ಲ. ಯುದ್ಧ ಮುಗಿದು ಕೈಯಲ್ಲಿ ದುಡ್ಡು ಓಡಾಡಿದ ಕೂಡಲೇ ಅವರೂ ಕಾರು ಕೊಂಡರು, ಕಾರಿಗೋಸ್ಕರ ಊರು ಒಡೆದು ರಸ್ತೆ ಮಾಡಿದರು. 1971ರಲ್ಲಿ ಆ ಸಣ್ಣ ದೇಶದ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗನ್‌ಹಾಫ್ 1972ರಲ್ಲಿ ಬರೆದ ಲೇಖನದಿಂದ ‘ಮಕ್ಕಳ ಕೊಲೆ ನಿಲ್ಲಿಸಿ’ ಅನ್ನುವ ಚಳವಳಿ ಎದ್ದಿತು. ಅಪ್ಪ-ಅಮ್ಮಂದಿರು ಮಕ್ಕಳನ್ನು ಕರಕೊಂಡು ಬಂದು ರಸ್ತೆಯಲ್ಲಿ ಕೂತರು. ಮರುವರ್ಷ ತೈಲ ಬಿಕ್ಕಟ್ಟು ಬಂದು, ನವೆಂಬರ್ 4ರಿಂದ ಭಾನುವಾರ ಕಾರು ಓಡಿಸೋದನ್ನೇ ಸರ್ಕಾರ ನಿಲ್ಲಿಸಿತು. ಖಾಲಿ ಹೆದ್ದಾರಿಯಲ್ಲಿ ಜನ ಸೈಕಲ್ ತುಳಿದರು. ಆಮೇಲೆ ಐಂಡ್‌ಹೋವನ್ ಹತ್ತಿರದ ಟಿಲ್‌ಬರ್ಗ್‌ನಲ್ಲಿ, ಹೇಗ್‌ನಲ್ಲಿ ಪ್ರಯೋಗಕ್ಕೆ ಅಂತ ಪ್ರತ್ಯೇಕ ಸೈಕಲ್ ದಾರಿ ಮಾಡಿ ನೋಡಿದರು. ಇವತ್ತು ಆ ದೇಶದಲ್ಲಿ ಜನರಿಗಿಂತ ಸೈಕಲ್ ಜಾಸ್ತಿ. ಅಂದರೆ ಅವರು ಸೈಕಲ್ ಬಿಟ್ಟು, ಪೆಟ್ಟು ತಿಂದು, ಮತ್ತೆ ಹತ್ತಿದವರು. ನಾವು ಸದ್ಯಕ್ಕೆ ಬಿಟ್ಟವರು, ಅಷ್ಟೇ ವ್ಯತ್ಯಾಸ.

ಬಿಟ್ಟವರು ಅಂತ ಯಾಕೆ ಹೇಳಿದೆ ಅಂದರೆ, ಸ್ಟ್ರೈಪ್-ಎಸ್ ಗೋಡೆ ಮೇಲಿದ್ದ ಫೋಟೋ ಭದ್ರಾವತಿಯವರಿಗೆ ಹೊಸದೇನಲ್ಲ. ಅಪ್ಪ ಹೇಳುವ ಪ್ರಕಾರ 80ರ ದಶಕದಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಶಿಫ್ಟ್ ಬಿಟ್ಟರೆ ರಸ್ತೆ ದಾಟೋಕೆ ಕಾಲು ಗಂಟೆ ಕಾಯಬೇಕಿತ್ತಂತೆ, ಸೈಕಲ್ಲಿಗೆ. ಹ್ಯಾಂಡಲ್ಲಿಗೆ ಟಿಫನ್ ಕ್ಯಾರಿಯರ್, ಹಿಂದೆ ಕ್ಯಾರಿಯರ್‌ನಲ್ಲಿ ಲಿಫ್ಟ್ ಕೇಳಿ ಹತ್ತಿದ ಗೆಳೆಯ. ಕನ್ನಡ, ತಮಿಳು, ತೆಲುಗು, ಉರ್ದು, ಮಲಯಾಳ ಎಲ್ಲದರಲ್ಲೂ ಬೆಲ್ಲಿನ ಜೊತೆ ಬೈಗುಳ.

ಈಗ ನಾನು ವಾಪಸ್ ಬಂದು ಶಿವಮೊಗ್ಗದ ಮನೆಯಿಂದಲೇ ಕೆಲಸ ಮಾಡ್ತಿದ್ದೀನಿ. ವಿನೋಬನಗರದಲ್ಲಿ ನಮ್ಮ ಮನೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಭದ್ರಾವತಿ ಕ್ವಾರ್ಟರ್ಸ್ ಬಿಟ್ಟು ಬಂದದ್ದು, ನನ್ನ ಓದಿಗೆ ಅಂತ. ಅಪ್ಪ ರಿಟೈರ್ ಆಗೋವರೆಗೂ ಬಸ್ಸಿನಲ್ಲಿ ಓಡಾಡಿದರು. ಅವರ ಹರ್ಕ್ಯುಲಿಸ್ ಸೈಕಲ್ ಮನೆ ಬದಲಾಯಿಸುವಾಗ ಗುಜರಿಗೆ ಹೋಯಿತು. ರಿಟೈರ್ ಆದಮೇಲೆ, ಅದರಲ್ಲೂ 2023ರ ಜನವರಿಯಲ್ಲಿ ಕಾರ್ಖಾನೆ ಮುಚ್ಚುವ ತೀರ್ಮಾನ ಪೇಪರಿನಲ್ಲಿ ಬಂದ ಮೇಲೆ, ಅವರು ಆ ಗೇಟಿನ ಕಡೆ ಹೋಗಿರಲಿಲ್ಲ. ಆಗಸ್ಟಿನಲ್ಲಿ ಒಂದಿಷ್ಟು ಕೆಲಸ ಮತ್ತೆ ಶುರುವಾಯಿತು. ಆಗಲೂ ಹೋಗಲಿಲ್ಲ. ಮದುವೆ, ಗೃಹಪ್ರವೇಶ ಅಂತ ಭದ್ರಾವತಿಗೆ ಹೋದರೂ ಆ ರಸ್ತೆ ಬಿಟ್ಟು ಸುತ್ತಿಬರ್ತಿದ್ದರು.

‘ಅಪ್ಪ, ಭಾನುವಾರ ಭದ್ರಾವತಿಗೆ ಸೈಕಲ್‌ನಲ್ಲಿ ಹೋಗ್ತಿದ್ದೀನಿ, ಬರ್ತೀರಾ?’ ಅಂತ ಕೇಳಿದೆ.

‘ಇಪ್ಪತ್ತು ಕಿಲೋಮೀಟರ್ ತುಳಿಯೋಕೆ ನನ್ನ ಮಂಡಿ ಏನು ಕಬ್ಬಿಣದ್ದೇನೋ?’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ನೀನು ತುಳ್ಕೊಂಡು ಬಾ, ನಾನು ಬಸ್ಸಿಗೆ ಬರ್ತೀನಿ’ ಅಂದರು.

ಶಿವಮೊಗ್ಗ-ಭದ್ರಾವತಿ ದಾರಿ ಸೈಕಲ್ಲಿಗೆ ಹೇಳಿ ಮಾಡಿಸಿದ್ದು ಅಂತ ನಾನು ಹೇಳಲ್ಲ. ಬಿ.ಎಚ್. ರಸ್ತೆಯಲ್ಲಿ ಲಾರಿ, ಬಸ್ಸಿನ ಅಬ್ಬರ ಇದೆ. ಹೋಗೋದಾದರೆ ಬೆಳಿಗ್ಗೆ ಐದೂವರೆಗೇ ಹೊರಡಿ. ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ ದಾಟೋವರೆಗೆ ತಂಪು ಇರುತ್ತೆ, ನಿದಿಗೆ ಕೆರೆ ಮೇಲೆ ಮಂಜು. ಹಿಂದೆ ಕೆಂಪು ಲೈಟ್ ಕಡ್ಡಾಯ ಹಾಕಿಕೊಳ್ಳಿ. ಡಚ್ಚರು ಹೆಲ್ಮೆಟ್ ಹಾಕಲ್ಲ ಅಂತ ಇಲ್ಲಿ ಹೀರೋ ಆಗಬೇಡಿ. ಏಳು ಗಂಟೆ ಒಳಗೆ ಕಡದಕಟ್ಟೆ ಮುಟ್ಟಿದರೆ ಊರು ಇನ್ನೂ ಆಕಳಿಸ್ತಾ ಇರುತ್ತೆ. ಸೈಕಲ್ಲಿಗೆ ಅದೇ ಸರಿಯಾದ ಹೊತ್ತು.

ಅಪ್ಪನ ಶಿಫ್ಟಿನ ಗೆಳೆಯರೊಬ್ಬರು ನ್ಯೂಟೌನ್‌ನಲ್ಲೇ ಇದ್ದಾರೆ. ಅವರ ಮನೆಯಲ್ಲಿ ಮೂಲೆ ಸೇರಿದ್ದ ಸೈಕಲ್ಲಿಗೆ ಗಾಳಿ ಹೊಡೆಸಿ ಇಟ್ಟಿದ್ದರು. ‘ಏನ್ ಸಾರ್, ಇನ್ನೂ ಬ್ಯಾಲೆನ್ಸ್ ಇದೆಯಾ?’ ಅಂತ ಅವರು ನಕ್ಕರು. ಅಪ್ಪ ಮಾತಾಡಲಿಲ್ಲ. ಎಡಗಾಲು ಪೆಡಲ್ ಮೇಲಿಟ್ಟು, ಬಲಗಾಲಲ್ಲಿ ಎರಡು ಸಲ ನೆಲ ಒದ್ದು, ಹಳೇ ಸ್ಟೈಲಿನಲ್ಲಿ ಹಿಂದಿನಿಂದ ಕಾಲು ಬೀಸಿ ಹತ್ತಿಬಿಟ್ಟರು. ನಾನು ನನ್ನ ಗೇರ್ ಸರಿಮಾಡಿಕೊಳ್ಳುವಷ್ಟರಲ್ಲಿ ಅವರು ತಿರುವಿನಲ್ಲಿದ್ದರು.

ಮುಂದಿನ ಎರಡು ಗಂಟೆ ನಾನು ಹಿಂಬಾಲಿಸಿದೆ ಅಷ್ಟೇ. ಅಗಲ ರಸ್ತೆ, ಎರಡೂ ಬದಿ ದೊಡ್ಡ ಮರ, ಸಾಲು ಸಾಲು ಕ್ವಾರ್ಟರ್ಸ್. ಐಂಡ್‌ಹೋವನ್‌ನಲ್ಲಿ ಫಿಲಿಪ್ಸ್ 1910ರಿಂದ ಕಾರ್ಮಿಕರಿಗೆ ಕಟ್ಟಿಸಿದ ಬಡಾವಣೆಯಲ್ಲಿ ಸೈಕಲ್ ತುಳಿಯುವಾಗ ಯಾಕೋ ಪರಿಚಯದ ಜಾಗ ಅನಿಸ್ತಿತ್ತು, ಈಗ ಕಾರಣ ತಿಳಿಯಿತು. ಅಪ್ಪನ ತಲೆಯಲ್ಲಿ ಅವರದೇ ನಂಬರುಗಳಿದ್ದವು. ಒಂದು ಮರದ ಹತ್ತಿರ ನಿಲ್ಲಿಸಿ, ‘ಮೊದಲ ಸೈರನ್ ಇಲ್ಲಿ ಕೇಳಿದರೆ ಆರಾಮ’ ಅಂದರು. ಮುಂದೆ ಒಂದು ಅಡ್ಡರಸ್ತೆ: ‘ಇಲ್ಲಿ ಕೇಳಿದರೆ ನಿಂತು ತುಳೀಬೇಕು.’ ಇನ್ನೊಂದು ತಿರುವು: ‘ಅಲ್ಲಿ ಎರಡನೇ ಸೈರನ್ ಆಗಿಬಿಟ್ಟರೆ ಅವತ್ತಿನ ಸಂಬಳ ಕಟ್.’ ಬೊಲೆನ್ ಸಾಹೇಬರ ಬೋರ್ಡುಗಳೆಲ್ಲ ಇದರ ಮುಂದೆ ಏನೂ ಅಲ್ಲ. ಇಲ್ಲಿ ಜಾಗಕ್ಕೂ ಹೊತ್ತಿಗೂ ಒಟ್ಟಿಗೇ ಗುರುತು.

ಗೇಟಿನ ಎದುರು ರಸ್ತೆಯಾಚೆ ಸೈಕಲ್ ನಿಲ್ಲಿಸಿದೆವು. ಒಳಗೆ ಹೋಗುವ ಪ್ರಶ್ನೆ ಇರಲಿಲ್ಲ, ಕೇಳಲೂ ಇಲ್ಲ. ಸ್ಟ್ರೈಪ್-ಎಸ್‌ನ ಹಿರಿಯರ ಪ್ರಶ್ನೆಯನ್ನು ನಾನು ಅಲ್ಲಿ ಕೇಳಿದೆ. ‘ನೀವಿದ್ದದ್ದು ಎಲ್ಲಿ?’ ಅಪ್ಪ ಕೈ ಎತ್ತಿ, ಒಂದು ಚಿಮಣಿಯಿಂದ ಬಲಕ್ಕೆ ಎರಡನೇ ಶೆಡ್ಡಿನ ಮಾಡು ತೋರಿಸಿದರು. ಆಮೇಲೆ ತಡೆಯಲಾಗದ ಹಾಗೆ ಮಾತು ಬಂತು. 1918ರಲ್ಲಿ ಮಹಾರಾಜರ ಕಾಲದಲ್ಲಿ ಕೆಲಸ ಶುರುವಾದದ್ದು, ವಿಶ್ವೇಶ್ವರಯ್ಯನವರು ಛೇರ್ಮನ್ ಆಗಿ ಬಂದು ನಷ್ಟದಲ್ಲಿದ್ದದ್ದನ್ನು ಹಳಿಗೆ ತಂದದ್ದು, ಕೆಮ್ಮಣ್ಣುಗುಂಡಿಯಿಂದ ಅದಿರು ರೋಪ್‌ವೇಯಲ್ಲಿ ಇಳಿದು ಬರ್ತಿದ್ದದ್ದು, ಕಲ್ಲಿದ್ದಲು ಇಲ್ಲದ ಕಾಡಿನ ಸೀಮೆಯಲ್ಲಿ ಕಟ್ಟಿಗೆ ಇದ್ದಿಲಲ್ಲೇ ಕುಲುಮೆ ಉರಿಸಿದ್ದು, 1989ರಲ್ಲಿ ಸೈಲ್‌ಗೆ ಸೇರಿದಾಗ ಇನ್ನು ನಮಗೆ ಯೋಚನೆ ಇಲ್ಲ ಅಂತ ಎಲ್ಲರೂ ಸಿಹಿ ಹಂಚಿದ್ದು. ಇಷ್ಟು ವರ್ಷ ಇದನ್ನೆಲ್ಲ ನನಗೆ ಹೇಳಲಿಲ್ಲ ಯಾಕೆ ಅಂದೆ. ‘ನೀನು ಕೇಳಿದ್ಯಾ?’ ಅಂದರು.

ಅಲ್ಲಿಂದ ಪೇಪರ್‌ಟೌನ್ ಕಡೆ ಹೋದೆವು. 1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಎಷ್ಟೋ ಕ್ವಾರ್ಟರ್ಸ್‌ಗಳಿಗೆ ಬೀಗ, ಕಾಂಪೌಂಡಿನೊಳಗೆ ಪೊದೆ ಬೆಳೆದಿದೆ. ಅಲ್ಲಿ ಅಪ್ಪನೂ ಜಾಸ್ತಿ ಮಾತಾಡಲಿಲ್ಲ.

ಈಗ ನನಗೆ ಗೊತ್ತು, ಓದ್ತಾ ಇರುವ ನಿಮ್ಮಲ್ಲಿ ಕೆಲವರು ಇದನ್ನೆಲ್ಲ ಸ್ಟ್ರೈಪ್-ಎಸ್ ಥರ ಮಾಡಿಬಿಡಬಹುದಲ್ಲ ಅಂತ ಯೋಚಿಸ್ತಿದ್ದೀರಿ. ನಾನೂ ಯೋಚಿಸಿದ್ದೆ. ಆದರೆ ಲೆಕ್ಕ ಅಷ್ಟು ಸುಲಭ ಇಲ್ಲ. ಐಂಡ್‌ಹೋವನ್‌ನಲ್ಲಿ ಫಿಲಿಪ್ಸ್ ಹೋಗುವ ಮುಂಚೆ, 1984ರಲ್ಲೇ, ಅದರ ಹೊಟ್ಟೆಯಿಂದ ಎಎಸ್‌ಎಂಎಲ್ ಹುಟ್ಟಿತ್ತು. ಇಂಜಿನಿಯರುಗಳಿಗೆ ಹೋಗೋಕೆ ಒಂದು ಜಾಗ ಇತ್ತು, ಅವರ ಸಂಬಳದಿಂದ ಊರು ಉಳಿಯಿತು, ಆಮೇಲೆ ಕಾಫಿ ಅಂಗಡಿ ಬಂತು. ನಾವು ಕಾಫಿ ಅಂಗಡಿಯಿಂದ ಶುರು ಮಾಡಿದರೆ ಕುಡಿಯೋಕೆ ಯಾರು ಬರ್ತಾರೆ? ಭದ್ರಾವತಿಯ ಹುಡುಗರು ಬೆಂಗಳೂರು ಬಸ್ಸು ಹತ್ತಿ ಆಗಿದೆ, ನನ್ನ ಹಾಗೆ. ಹಳೇ ಶೆಡ್ಡಿಗೆ ಬಣ್ಣ ಹೊಡೆಯುವ ಮೊದಲು ಕೆಲಸ ಬೇಕು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ತಿಂಗಳುಗಟ್ಟಲೆ ಧರಣಿ ಕೂತದ್ದು ಅದಕ್ಕೇ.

ಆದರೆ ಒಂದಂತೂ ದುಡ್ಡು ಕಾಸಿಲ್ಲದೆ ಆಗುವಂಥದ್ದು. ಆ ಊರಿನ ರಸ್ತೆಗಳನ್ನು ಸೈಕಲ್ ತುಳಿಯುವವರನ್ನು ನೋಡಿಕೊಂಡೇ ಕಟ್ಟಿದ್ದಾರೆ. ಅಗಲ ಇದೆ, ನೆರಳಿದೆ, ವಾಹನ ಕಡಿಮೆ. ಶಿವಮೊಗ್ಗದ ನೆಹರು ರಸ್ತೆಯಲ್ಲಿ ಸೈಕಲ್ ತುಳಿಯೋದಕ್ಕೂ ನ್ಯೂಟೌನ್‌ನಲ್ಲಿ ತುಳಿಯೋದಕ್ಕೂ ಅಜಗಜಾಂತರ. ಬೇರೆ ದೇಶಕ್ಕೆ ಹೋಗಿ ಬಾಡಿಗೆ ಸೈಕಲ್ಲಿಗೆ ಯೂರೋ ಕೊಟ್ಟು ಊರು ಸುತ್ತುವ ನಾವು, ಅರ್ಧ ದಿನ ಇಲ್ಲಿ ಸುತ್ತಿದರೆ ಏನಾದೀತು? ನ್ಯೂಟೌನ್‌ನಿಂದ ಹೊಳೆ ದಾಟಿ ಹಳೇನಗರಕ್ಕೆ ಬಂದರೆ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ, ಮೂರು ಗರ್ಭಗುಡಿ ಇರುವಂಥದ್ದು. ಬೆಂಕಿಪುರ ಅಂತ ಕರೀತಿದ್ದ ಕಾಲದ ಊರು ಅದರ ಸುತ್ತ ಇನ್ನೂ ಇಷ್ಟಿಷ್ಟೇ ಉಳಿದಿದೆ. ಹೊಳೆಗೆ ಎರಡು ಸೇತುವೆ. ಭದ್ರಾ ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟ ವರ್ಷ ಹೊಸ ಸೇತುವೆ ಮುಳುಗುತ್ತೆ, ಹಳೇದು ಹಾಗೇ ನಿಂತಿರುತ್ತೆ. ಅಪ್ಪನಿಗೆ ಅದು ಬಹಳ ಖುಷಿ ಕೊಡುವ ವಿಷಯ, ಅವತ್ತು ಎರಡು ಸಲ ಹೇಳಿದರು.

ಮುಂದಿನ ಸುತ್ತು ಕೂಡ್ಲಿಗೆ ಅಂತ ಆಗಿದೆ. ಶಿವಮೊಗ್ಗದಿಂದ ಹೋಗುವ ತುಂಗೆ, ಭದ್ರಾವತಿಯಿಂದ ಬರುವ ಭದ್ರೆ ಸೇರುವ ಜಾಗ. ಅಲ್ಲಿಗೆ ಶಿವಮೊಗ್ಗದಿಂದ ಹದಿನೈದು ಕಿಲೋಮೀಟರ್ ಮೇಲಾಗುತ್ತೆ, ದಾರಿಯುದ್ದಕ್ಕೂ ಗದ್ದೆ, ತೋಟ. ಮಂಡಿ ವಿ‌ಷಯ ನೋಡಿಕೊಂಡು ಅರ್ಧ ದಾರಿ ಆಟೋದಲ್ಲಿ ಸೈಕಲ್ ಹಾಕಿಕೊಂಡು ಹೋಗೋಣ ಅಂದೆ. ಅಪ್ಪ ಉತ್ತರ ಕೊಡಲಿಲ್ಲ. ವಾಪಸ್ ಬಂದ ಸಂಜೆ ನನ್ನನ್ನು ಕರಕೊಂಡು ಒಂದು ಸೈಕಲ್ ರಿಪೇರಿ ಅಂಗಡಿಗೆ ಹೋದರು. ಮೂಲೆಯಲ್ಲಿ ಒಂದು ಹಳೇ ಹರ್ಕ್ಯುಲಿಸ್ ಮಾರಾಟಕ್ಕಿತ್ತು. ಚೈನು ಎತ್ತಿ ನೋಡಿದರು, ಹಿಂದಿನ ಗಾಲಿ ತಿರುಗಿಸಿ ಬಾಗಿದೆಯಾ ಅಂತ ಒಂದು ಕಣ್ಣು ಮುಚ್ಚಿ ನೋಡಿದರು, ಬೆಲೆಗೆ ಹತ್ತು ನಿಮಿಷ ಚೌಕಾಸಿ ಮಾಡಿದರು. ಅಂಗಡಿಯವರು ಟೈರ್ ಎರಡೂ ಬದಲಾಯಿಸಬೇಕು, ನಾಲ್ಕು ದಿನ ಬೇಕು ಅಂದರು.

‘ಶನಿವಾರದೊಳಗೆ ಆಗಬೇಕು’ ಅಂದರು ಅಪ್ಪ.